ಮಾರಾಟಕ್ಕಿಲ್ಲದ ಮರಿ

ಬುಪ್ಪಾ ಚಿವಾವಾ ನಾಯಿಮರಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಮೊದಲು ತುಟಿ ಎತ್ತಿ ಒಸಡು ನೋಡಿದಳು. ಹೆಬ್ಬೆರಳಿನಿಂದ ನೆತ್ತಿ ಸವರಿದಳು. ಹಿಂಗಾಲನ್ನು ಚಾಚಿ, ಮಡಿಸಿ, ಮಂಡಿಚಿಪ್ಪು ಪಕ್ಕಕ್ಕೆ ಜಾರುತ್ತದೆಯೇ ಎಂದು ಮೆಲ್ಲಗೆ ಒತ್ತಿದಳು. ಹೆರಿಗೆ ವಾರ್ಡಿನಲ್ಲಿ ಮೂವತ್ತೆರಡು ವರ್ಷ ಕೂಸುಗಳನ್ನು ಎತ್ತಿ ಆಡಿಸಿದ ಕೈ ಅದು.

"ಹೆಣ್ಣು ನೋಡೋಕೆ ಬಂದೋರೂ ಇಷ್ಟು ಪರೀಕ್ಷೆ ಮಾಡಲ್ಲ, ನರ್ಸಮ್ಮ," ಎಂದ ಪ್ರಯೂನ್. ಬಸ್ ಓಡಿಸುವುದು ಬಿಟ್ಟ ಮೇಲೆ ನಖೋನ್ ಪಥೋಮ್ ಪಟ್ಟಣದ ತನ್ನ ಮನೆಯ ಜಗುಲಿಯಲ್ಲೇ ನಾಯಿ ಸಾಕಿ ಮರಿ ಮಾರುತ್ತಿದ್ದ. "ಲಸಿಕೆ ಹಾಕ್ಸಿದೀನಿ, ಜಂತಿನ ಔಷಧಿ ಕೊಟ್ಟಿದೀನಿ. ಇನ್ನು ಜಾತಕಾನೂ ಬೇಕಾ?"

"ಹೆಣ್ಣಾದ್ರೆ ನೋವಿದ್ರೆ ಬಾಯಿಬಿಟ್ಟು ಹೇಳ್ತಾಳೆ. ಇದು ಹೇಳುತ್ತಾ?"

ಬುಪ್ಪಾ ಚೀಲದಿಂದ ಹಳೆಯ ಸ್ಟೆತಸ್ಕೋಪ್ ತೆಗೆದು, ಕಣ್ಣು ಮುಚ್ಚಿ ಮರಿಯ ಎದೆ ಕೇಳಿದಳು. "ಗಟ್ಟಿ ಪಿಂಡ. ನಂಗೆ ಇದೇ ಇರಲಿ. ಅದನ್ನೂ ಕೊಡಿ ಇಲ್ಲಿ."

ಅವನ ಮಡಿಲಲ್ಲಿ ಇನ್ನೊಂದು ಮರಿ ಅಂಗಿಯ ತುದಿ ಜಗಿಯುತ್ತಿತ್ತು. ಕಾಳಿನಷ್ಟಿದೆ ಎಂದು ಅದಕ್ಕೆ ಥುವಾ, ಅಂದರೆ ಕಾಳು, ಎಂದೇ ಹೆಸರಿಟ್ಟಿದ್ದ. "ಇದು ಮಾರೋದಲ್ಲ. ನಂದು."

"ಕೊಳ್ಳೋಕಲ್ಲ ಅಣ್ಣ, ಅಭ್ಯಾಸಬಲ."

ಥುವಾನ ಎದೆಯಲ್ಲಿ ಬಡಿತಕ್ಕೂ ಬಡಿತಕ್ಕೂ ನಡುವೆ ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದ ಹಾಗೆ ಸಣ್ಣ ಸದ್ದು. ಬುಪ್ಪಾ ಜಾಗ ಬದಲಿಸಿ ಮತ್ತೆ ಕೇಳಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ವಾರ್ಡಿನಲ್ಲಿ ತಾಯಂದಿರ ಮುಂದೆಯೂ ಇಂಥದ್ದನ್ನು ಮುಚ್ಚಿಟ್ಟವಳಲ್ಲ. ಗುಂಡಿಗೆಯಲ್ಲಿ ಸದ್ದಿದೆ, ದೋಷ ಇರಬಹುದು ಎಂದು ಹೇಳಿಬಿಟ್ಟಳು.

ಪ್ರಯೂನ್‌ನ ಮುಖ ಇಳಿದುಹೋಯಿತು. "ನಿನ್ನೆ ನನ್ನ ಚಪ್ಪಲಿ ಕಚ್ಕೊಂಡು ಅಂಗಳವೆಲ್ಲಾ ಓಡಾಡ್ತು."

"ಓಡಾಡ್ಲಿ ಬಿಡಿ. ಎಷ್ಟೋ ಮರಿಗಳಿಗೆ ಬೆಳೀತಾ ಬೆಳೀತಾ ತಾನಾಗೇ ಹೋಗುತ್ತೆ. ಆದ್ರೆ ಅದನ್ನ ಹೇಳ್ಬೇಕಾದೋರು ಡಾಕ್ಟರು. ನನ್ನದನ್ನೂ ತೋರಿಸ್ಬೇಕು. ಏಳಿ, ಈಗ್ಲೇ ಹೋಗೋಣ."

ಎರಡೂ ಮರಿಗಳನ್ನು ಒಂದೇ ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದರು. ಬುಪ್ಪಾಳ ಮರಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಥುವಾನ ಎದೆಗೆ ಸ್ಕ್ಯಾನ್ ಮಾಡಿದ ವೈದ್ಯೆ, ರಂಧ್ರ ಇಲ್ಲ, ಕವಾಟವೂ ಸರಿಯಾಗಿದೆ, ಸದ್ದು ಬಹಳ ಸಣ್ಣದು, ಎರಡು ತಿಂಗಳು ಬಿಟ್ಟು ಮತ್ತೆ ಕರೆತನ್ನಿ ಎಂದರು. ಪ್ರಯೂನ್ ಕೈಮುಗಿದು, ಎರಡೆರಡು ಸಲ ತಲೆಬಾಗಿದ.

ಹೊರಗೆ ಹುಣಸೆಮರದ ಕೆಳಗಿನ ಬೆಂಚಿನಲ್ಲಿ ಕೂತು ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ತಿನ್ನಿಸಿದರು. ಎರಡೂ ಪರಸ್ಪರರ ಮೂತಿಯನ್ನೂ ನೆಕ್ಕಿ ಮುಗಿಸಿದವು. ನೆಮ್ಮದಿಯಿಂದ ಇಬ್ಬರೂ ನಕ್ಕರು. ಆಮೇಲೆ ಪ್ರಯೂನ್, ಅವಳ ಕಡೆ ನೋಡದೆಯೇ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ.

"ನರ್ಸಮ್ಮ, ಮೆಟ್ಟಿಲು ಹತ್ತಿದ್ರೆ ನಂಗೂ ಇತ್ತೀಚೆಗೆ ಒಂಥರಾ ಆಗುತ್ತೆ. ಯಾರಿಗೂ ಹೇಳಿಲ್ಲ. ಒಂದ್ಸಲ ಕೇಳ್ತೀರಾ?"

ಬುಪ್ಪಾ ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಉಜ್ಜಿ ಬೆಚ್ಚಗೆ ಮಾಡತೊಡಗಿದಳು.