ಕತ್ತಿಯ ಜೊತೆ ಮದುವೆ

ಹತ್ತರಗಿಯ ನನ್ನ ಅಂಗಡಿಯಲ್ಲಿ ಅರಿಷಿಣ ಹಚ್ಚಿದ ಕೈಗೆ ಬಳೆ ಇಡುವಾಗ, ಆ ವಾಸನೆಗೆ ಇವತ್ತಿಗೂ ನನ್ನ ತಲೆ ಕೆಡುತ್ತದೆ.

ನನ್ನ ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ, ಮದುಮಗಳಿಗೆ ಬಳೆ ಇಡಲು ಅವ್ವ ನನ್ನನ್ನೂ ಕರೆದುಕೊಂಡು ರಾಜಮನೆತನದ ವಾಡೆಗೆ ಹೋಗಿದ್ದಳು. ಮದುಮಗ ಬಂದಿರಲಿಲ್ಲ. ಅವರ ಪದ್ಧತಿಯಂತೆ ತನ್ನ ಕತ್ತಿಯನ್ನು ಕಳಿಸಿದ್ದ. ಅದರ ಜೊತೆಗೇ ಮದುವೆ. ಪರದೆಯ ಸಂದಿಯಿಂದ ಮದುಮಗಳ ಅರಿಷಿಣದ ಕೈಯಷ್ಟೇ ಹೊರಬಂತು. ಹಸಿರು ಬಳೆಗಳನ್ನೆಲ್ಲ ಇಟ್ಟು ಮುಗಿಸಿದರೂ ಆ ಕೈ ಅವ್ವನ ಬೆರಳು ಬಿಡಲಿಲ್ಲ.

“ಮುಗೀತಿಲ್ಲೋ?” ಒಳಗಿನಿಂದ ವಾಡೆಯ ಹಿರಿಯಳು ಅತ್ತಿಬಾಯಿ ಗದರಿದರು.

“ಇನ್ನೊಂದೆರಡು ಉಳದಾವ್ರಿ,” ಎಂದಳು ಅವ್ವ. ಬುಟ್ಟಿ ಖಾಲಿಯಾಗಿತ್ತು.

“ಹೊರಗ ಕತ್ತಿ ಕಾಯಾಕತ್ತೈತಿ!”

“ಕತ್ತಿಗೇನ್ ಕಾಲ ನೋಯ್ತಾವೇನ್ರಿ ಬಾಯಿ? ಕಾಯ್ಲಿ ಬಿಡ್ರಿ.”

ಅತ್ತಿಬಾಯಿ ಆ ಕೈಯನ್ನು ಒಳಕ್ಕೆ ಜಗ್ಗಿಕೊಂಡರು. ಒಡೆದ ಬಳೆಯ ಚೂರುಗಳು ಅವ್ವನ ಅಂಗೈಯಲ್ಲಿ ಉಳಿದವು. ಹೊರಗೆ ವಾದ್ಯ ಶುರುವಾಯಿತು.