ಗಡಸು ಸ್ಕೀ

"ಇರೋದ್ರಲ್ಲೇ ಉದ್ದದ, ಗಡಸು ಸ್ಕೀ ಕೊಡು. ಇವಳಿಗೂ ಅಂಥದ್ದೇ," ಎಂದ ಕೊರ್ಬಿನಿಯನ್, ಹೊಸ ಹೆಂಡತಿಯ ಹೆಗಲು ತಟ್ಟಿ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಈ ಸ್ಕೀ ಹಲಗೆಗಳನ್ನು ಬಾಡಿಗೆಗೆ ಕೊಡುವ ವಾಲ್ಬುರ್ಗಾ ಅವನ ಮೊದಲ ಹೆಂಡತಿ. ಹಿಂದೆ ಅವಳಿಗೂ ಹೀಗೇ ಹಟದಿಂದ ಉದ್ದದ ಸ್ಕೀ ತೊಡಿಸಿ ಮಂಡಿ ಮುರಿಸಿದ್ದ; ಕುಂಟುತ್ತಾಳೆಂದು ಬಿಟ್ಟು ಹೋಗಿದ್ದ.

ವಾಲ್ಬುರ್ಗಾ ಹುಡುಗಿಯ ತೂಕ ನೋಡಿ, ಗಲ್ಲದೆತ್ತರದ ಮೆದು ಸ್ಕೀ ಆರಿಸಿದಳು. "ಹಗುರ ಇದ್ದೀಯ, ಹೊಸಬಳು ಬೇರೆ. ಇದು ನಿನ್ನ ಮಾತು ಕೇಳುತ್ತೆ ಕಣಮ್ಮ." ಅವನ ಕಡೆ ತಿರುಗಿ, "ನಿಂಗೂ ಮೆದುವೇ ಸರಿ. ಗಡಸು ಸ್ಕೀ ಪಳಗಿದವರಿಗೆ ಮಾತ್ರ ಬಾಗೋದು," ಎಂದಳು.

"ನಂಗೇ ಪಾಠನಾ, ಕುಂಟಿ?"

ಅವಳು ಹುಡುಗಿಗೆ ಮೆದು ಸ್ಕೀ ಕೊಟ್ಟು, ಅವನಿಗೆ ಅವನು ಕೇಳಿದ್ದನ್ನೇ ಕೈಗಿತ್ತಳು.

ಮಧ್ಯಾಹ್ನ ಹುಡುಗಿ ನಗುತ್ತ ಜಾರಿ ಬಂದಳು. ಅವನನ್ನು ಜಾರುಬಂಡಿಯಲ್ಲಿ ಮಲಗಿಸಿ ಎಳೆದು ತಂದರು. ಮಂಡಿ ಹಿಡಿದು ಅರಚುತ್ತಿದ್ದ. ವಾಲ್ಬುರ್ಗಾ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು. ಆಮೇಲೆ ಒಳಗೆ ಹೋಗಿ ಎರಡು ಬಟ್ಟಲು ಬಿಸಿ ಸೂಪು ಕುಡಿದಳು.