ದಾಸವಾಳಕ್ಕೆ ಕ್ಯಾಮೆರಾ

ಬೆಳಗಾಗುವಷ್ಟರಲ್ಲಿ ಮೇಷ್ಟ್ರ ಅಂಗಳದ ದಾಸವಾಳವನ್ನು ಯಾರೋ ಪೂಜೆಗೆ ಕಿತ್ತೊಯ್ಯುತ್ತಿದ್ದರು. ರೋಸಿಹೋದ ಮೇಷ್ಟ್ರು ಗೇಟು ಕಾಣುವಂತೆ ಕ್ಯಾಮೆರಾ ಹಾಕಿಸಿದರು. ಎಲ್ಲಿದ್ದರೂ ಫೋನಿನಲ್ಲಿ ನೋಡಲೆಂದು ಮಗಳು ರೌಟರಿನಲ್ಲಿ ಪೋರ್ಟ್ ತೆರೆದು, ಹೊರಗಿನಿಂದಲೂ ಕ್ಯಾಮೆರಾಗೆ ದಾರಿ ಮಾಡಿಕೊಟ್ಟಳು.

"ಅಪ್ಪಾ, ಪಾಸ್‌ವರ್ಡ್ ಬದಲಾಯಿಸು. ಈ ಕಂಪನಿ ಕ್ಯಾಮೆರಾಗೆಲ್ಲ ಇದೇ ಇರುತ್ತೆ, ಯಾರು ಬೇಕಾದ್ರೂ ಒಳಗೆ ನೋಡ್ಬಹುದು."

"ಹೊಸದನ್ನ ಯಾರು ನೆನಪಿಟ್ಕೋತಾರೆ? ಇದೇ ಇರ್ಲಿ ಬಿಡು."

ಒಂದು ವಾರ ಕಳೆದರೂ ಗಿಡ ಬೋಳೇ. ಗೇಟಿನೊಳಗೆ ಒಂದು ಬೆಕ್ಕು ಬಂದದ್ದೂ ಫೋನಿನಲ್ಲಿ ಕಾಣಲಿಲ್ಲ. ಮೇಷ್ಟ್ರು ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ ಎದುರುಮನೆಯ ಪಂಕಜಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು:

"ಮೇಷ್ಟ್ರೇ, ಕ್ಯಾಮೆರಾನ ಚೂರು ಗಿಡದ ಕಡೆ ತಿರುಗಿಸಿ. ಹೂ ಕೀಳೋ ದೋಟಿ ಹಿಡ್ಕೊಂಡು ಎಷ್ಟು ಸಲ ಸುಮ್ನೆ ಬರ್ಲಿ? ಹೂ ಅರಳಿದ್ಯೋ ಇಲ್ವೋ ನನ್ನ ಫೋನಲ್ಲಿ ಕಾಣ್ತಾನೇ ಇಲ್ಲ!"